ಮೇಷ್ಟ್ರ ಬಟ್ಟೆಯ ಮೇಲಿನ ಬಿಳಿಪುಡಿ

“ಇದನ್ನ ಒಗೆದ ಬಟ್ಟೆ ಅಂತಾರಾ?”

ಅವಳು ಕಪ್ಪು ಬಟ್ಟೆಯೊಂದನ್ನು ಅವನ ಮೂಗಿನ ಹತ್ತಿರಕ್ಕೇ ಹಿಡಿದಳು. ಅವನಿನ್ನೂ ಲಾಂಡ್ರಿಯ ಹೊಸ್ತಿಲು ದಾಟಿರಲಿಲ್ಲ. ಒಂದು ಕೈಯಲ್ಲಿ ಟೂಲ್ ಪೆಟ್ಟಿಗೆ, ಇನ್ನೊಂದು ಕೈ ಬಾಗಿಲ ಮೇಲೆ.

“ನಮಸ್ಕಾರ,” ಎಂದ.

“ನಮಸ್ಕಾರ ಆಮೇಲೆ. ಮೊದಲು ಇದನ್ನ ನೋಡಿ.”

ನೋಡಿದ. ಬಟ್ಟೆಯ ಮೇಲೆ ಅಲ್ಲಲ್ಲಿ ಬಿಳಿಪುಡಿ ಕಚ್ಚಿಕೊಂಡಿತ್ತು, ಸೀಮೆಸುಣ್ಣದ ಕೈ ಒರೆಸಿದ ಹಾಗೆ.

“ಸೋಪಿನ ಪುಡಿ. ನಿಮ್ಮ ಕಂಪನಿ ಮೆಷಿನ್ ಸರಿಯಾಗಿ ಜಾಲಿಸ್ತಾ ಇಲ್ಲ.”

“ಮೆಷಿನ್ ನನ್ನ ಕಂಪನೀದಲ್ಲ. ನಾನು ರಿಪೇರಿಯವನು ಅಷ್ಟೇ. ಮತ್ತೆ, ಇದು ಸೋಪೇ ಅಂತ ಹೇಗೆ ಹೇಳ್ತೀರಿ?”

ಕೌಂಟರಿನ ಹಿಂದೆ ಗುಂಡಿ ಹೊಲಿಯುತ್ತಿದ್ದ ದೊಡ್ಡಮ್ಮ ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು. “ಪಾಪ, ಹೊಸಬ. ಆ ಪ್ರಶ್ನೆ ಇವಳನ್ನ ಕೇಳಬಾರದು ಕಣಪ್ಪಾ.”

ಕೇಳಬಾರದು, ನಿಜ. ಕಲೆಯ ವಿಷಯದಲ್ಲಿ ಅವಳ ಮಾತಿಗೆ ಎದುರಾಡುವವರು ಆ ಬೀದಿಯಲ್ಲಿ ಇರಲಿಲ್ಲ. ಕಾಲರ್ ಮೇಲಿನ ಕಂದು ಚುಕ್ಕೆ ರಕ್ತವೋ ತುಕ್ಕೋ, ಹೆಗಲ ಮೇಲಿನ ಹಳದಿ ಬೆವರೋ ಮುಲಾಮೋ, ಒಂದು ನೋಟಕ್ಕೆ ಹೇಳಿಬಿಡುತ್ತಿದ್ದಳು. ಗಿರಾಕಿಗಳು ಅವಳ ಮುಂದೆ ಬಟ್ಟೆಯ ಗಂಟು ಬಿಚ್ಚಿಡಲು ಕೊಂಚ ಅಂಜುತ್ತಿದ್ದರು. ಅವಳಿಗೆ ಅದು ಗೊತ್ತಿತ್ತು. ಒಳಗೊಳಗೇ ಖುಷಿಯೂ ಇತ್ತು.

ಅವನು ಹಿಂದಿನ ಕೋಣೆಗೆ ಹೋದ. ಗಿರಾಕಿಗಳ ಬಟ್ಟೆಗೆ ಮುಂದೆ ಎರಡು ದೊಡ್ಡ ಮೆಷಿನ್‌ಗಳು. ಮನೆಯ ಬಟ್ಟೆಗೆ ಹಿಂದೆ ಒಂದು ಹಳೆಯದು. ದೂರು ಬಂದಿದ್ದು ಈ ಹಳೆಯದರ ಮೇಲೆ. ಅವನು ಮಂಡಿಯೂರಿ ಕೆಳಗಿನ ಮುಚ್ಚಳ ತೆಗೆದು ಪಂಪಿಗೆ ಕೈ ಹಾಕಿದ. ಒಂದು ಹಿಡಿ ಒಣಹುಲ್ಲು ಹೊರಗೆ ಬಂತು.

“ಮೇಡಂ... ಇಲ್ಲಿ ಕುದುರೆಗೇನಾದ್ರೂ ಬಟ್ಟೆ ಒಗೆದುಕೊಡ್ತೀರಾ?”

ಅವಳು ಉತ್ತರಿಸುವ ಮೊದಲೇ ಕಿಟಕಿಯ ಬಳಿಯಿಂದ ‘ವ್ಹೀಕ್... ವ್ಹೀಕ್...’ ಎಂದು ಕಿವಿ ಸೀಳುವ ಕೂಗು ಬಂತು. ಅವನು ಬೆಚ್ಚಿದ ರಭಸಕ್ಕೆ ತಲೆ ಮೆಷಿನ್ನಿನ ಬಾಗಿಲಿಗೆ ಬಡಿಯಿತು.

“ನಮ್ಮ ಮೇಷ್ಟ್ರು,” ಎಂದಳು ಅವಳು. “ಹುಲ್ಲು ಕಣ್ಣಿಗೆ ಬಿತ್ತು, ಅದಕ್ಕೇ.”

ಮೇಷ್ಟ್ರು ಎಂದರೆ ಒಂದು ಗಿನಿಪಿಗ್. ಕಂಬಳಿ ಒಗೆಸಲು ಬಂದಿದ್ದ ಯಾರೋ ಗಿರಾಕಿ, ಊರು ಬಿಡುವಾಗ ಪಂಜರ ಸಮೇತ ಲಾಂಡ್ರಿಯಲ್ಲಿ ಬಿಟ್ಟುಹೋಗಿದ್ದ ಪ್ರಾಣಿ. ಎರಡೂ ಕಣ್ಣಿನ ಸುತ್ತ ಕನ್ನಡಕದಂಥ ಕಪ್ಪು ಉಂಗುರ. ಊಟ ತಡವಾದರೆ ಬೀದಿಗೆಲ್ಲಾ ಕೇಳುವಂಥ ಗದರಿಕೆ. ಹೆಸರಿಟ್ಟವಳು ದೊಡ್ಡಮ್ಮ. ಶಾಲೆಯಲ್ಲಿ ತನಗೆ ಗಣಿತ ಹೇಳಿಕೊಟ್ಟವರ ನೆನಪಿಗಂತೆ. ಹಾಗಾಗಿ ಮನೆಯಲ್ಲಿ ಅವರಿಗೆ ಬಹುವಚನ.

ಅವನು ತಲೆ ಉಜ್ಜಿಕೊಳ್ಳುತ್ತಾ ಪಂಜರದ ಮುಂದೆ ಕುಕ್ಕರಗಾಲಲ್ಲಿ ಕೂತ. ಕೈಯಲ್ಲಿದ್ದ ಹುಲ್ಲನ್ನು ನೋಡಿ, ಅದು ಒದ್ದೆಯೆಂದು ಬಿಸಾಡಿ, ತಟ್ಟೆಯಿಂದ ಒಣಗಿದ ಎಳೆಯೊಂದನ್ನು ಆರಿಸಿ ಚಾಚಿದ. ಮೇಷ್ಟ್ರು ಅದನ್ನು ಅವನ ಬೆರಳಿನಿಂದ ಎಳೆದುಕೊಂಡು ಕಟಕಟ ತಿಂದರು. ಅವನು ನಕ್ಕ. ಸದ್ದಿಲ್ಲದ ನಗು.

ಒದ್ದೆ ಹುಲ್ಲು ಅಂತ ನೋಡಿ ಬಿಸಾಡಿದನಲ್ಲ... ಅವಳ ಗಮನ ಅಲ್ಲೇ ನಿಂತಿತು. ಎಷ್ಟು ಜನ ನೋಡುತ್ತಾರೆ?

ಆಮೇಲೆ ತನ್ನ ಮೇಲೆಯೇ ಸಿಟ್ಟು ಬಂತು. ಒಂದು ಹುಲ್ಲುಕಡ್ಡಿಗೆ ಕರಗುವ ವಯಸ್ಸೇ ಇದು? ಮದುವೆಯ ಮಾತು ನಿಶ್ಚಯದವರೆಗೆ ಬಂದು, ಹುಡುಗ ಮನಸ್ಸು ಬದಲಿಸಿ, ಅವಳು ಆ ಅಧ್ಯಾಯವನ್ನು ಇಸ್ತ್ರಿ ಹೊಡೆದು ಮಡಿಸಿಟ್ಟು ವರ್ಷಗಳಾಗಿದ್ದವು. ಮತ್ತೆ ಬಿಚ್ಚುವ ಆಸೆ ಇರಲಿಲ್ಲ.

*

ಪಂಪು ಸರಿಹೋಯಿತು. ಪುಡಿ ಹೋಗಲಿಲ್ಲ.

ಎರಡನೇ ಸಲ ಬಂದಾಗ ಅವನ ಕಂಕುಳಲ್ಲಿ ಹಸಿ ಕುದುರೆಮೆಂತ್ಯದ ಕಟ್ಟೊಂದಿತ್ತು. “ಡೈರಿಯಲ್ಲಿ ಹಾಲಿನ ಕೂಲರ್ ರಿಪೇರಿ ಇತ್ತು. ಅವರು ಹಸುಗಳಿಗೆ ಬೆಳೀತಾರೆ. ಮೇಷ್ಟ್ರಿಗೆ ಅಂತ ಕೇಳಿ ತಂದೆ.”

“ಮೇಷ್ಟ್ರಿಗೆ ಮಾತ್ರಾನಾ?” ಎಂದಳು ದೊಡ್ಡಮ್ಮ.

“ದೊಡ್ಡಮ್ಮಾ.”

“ನಾನು ತಿನ್ನಬಹುದಾ ಅಂತ ಕೇಳಿದೆ ಕಣೇ. ನೀನ್ಯಾಕೆ ಮುಖ ಕೆಂಪು ಮಾಡ್ತೀಯಾ?”

ಅವನು ಅಂದು ಬಟ್ಟೆಯನ್ನು ಬೆಳಕಿಗೆ ಹಿಡಿದು, ಪುಡಿಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಸೋಪಿನಂತೆ ಜಾರಲಿಲ್ಲ, ಸಣ್ಣ ಮರಳಿನ ಹಾಗೆ ಗರಗರ ಎಂದಿತು. ಪೆಟ್ಟಿಗೆಯಿಂದ ನಿಂಬೆಹುಳಿಯ ದ್ರಾವಣದ ಬಾಟಲಿ ತೆಗೆದು ಒಂದು ಹನಿ ಬಿಟ್ಟ. ಹನಿ ಬಿದ್ದಲ್ಲಿ ಸುಯ್ಯೆಂದು ನೊರೆ ಎದ್ದಿತು.

“ಸೋಪಲ್ಲ ಇದು. ಸುಣ್ಣ.”

“ಸುಣ್ಣ ಎಲ್ಲಿಂದ ಬರುತ್ತೆ?”

“ನೀರಿಂದ. ಗಡಸು ನೀರು ಇರೋ ಕಡೆ ಮೆಷಿನ್ ಒಳಗೆಲ್ಲಾ ಸುಣ್ಣ ಕಟ್ಟುತ್ತೆ. ನನಗೆ ದಿನಾ ಇದೇ ಗೋಳು.”

ಕಲೆಯೊಂದನ್ನು ತಾನು ತಪ್ಪಾಗಿ ಓದಿದ್ದೆ ಎನ್ನುವುದು ಅವಳಿಗೆ ಹಲ್ಲಿಗೆ ಕಲ್ಲು ಸಿಕ್ಕಂತಾಯಿತು. ಆದರೆ ನೊರೆ ಕಣ್ಣ ಮುಂದೆಯೇ ಇತ್ತು. “ಸರಿ,” ಎಂದಳು. ಅವಳ ಬಾಯಿಂದ ‘ಸರಿ’ ಬರುವುದೆಂದರೆ ಬೇರೆಯವರು ಕಾಲಿಗೆ ಬಿದ್ದಷ್ಟು ಲೆಕ್ಕ.

ಅವನು ನೀರಿನ ಕೊಳವೆಗೆ ಸುಣ್ಣ ತಡೆಯುವ ಫಿಲ್ಟರ್ ಹಾಕಿಕೊಟ್ಟ. ಆಮೇಲೆ ಕರೆಯದಿದ್ದರೂ ಬರತೊಡಗಿದ. “ಈ ಕಡೆ ಬಂದಿದ್ದೆ, ಫಿಲ್ಟರ್ ಹೇಗಿದೆ ಅಂತ...” ಒಮ್ಮೆ. “ಪೈಪು ಸಡಿಲ ಇತ್ತೇನೋ ಅನ್ನಿಸ್ತು...” ಇನ್ನೊಮ್ಮೆ. ಪ್ರತಿ ಸಲವೂ ಕುದುರೆಮೆಂತ್ಯದ ಕಟ್ಟು. ಅವನ ಬೈಕಿನ ಸದ್ದಿಗೇ ಮೇಷ್ಟ್ರು ಹಿಂಗಾಲಲ್ಲಿ ನಿಂತು ಹಾಜರಿ ಹಾಕುತ್ತಿದ್ದರು.

ಅವಳೂ ಆ ಸದ್ದಿಗೆ ಕಿವಿ ಕೊಡುತ್ತಿದ್ದಳು. ಬೈಕು ಬೀದಿಯ ತಿರುವು ದಾಟಿ ಮುಂದೆ ಹೋದರೆ, ಅದು ಬೇರೆ ಯಾರದ್ದೋ ಬೈಕು ಎಂದು ತಿಳಿದರೆ, ಕೈಯಲ್ಲಿನ ಇಸ್ತ್ರಿಪೆಟ್ಟಿಗೆ ಒಂದು ಗಳಿಗೆ ಭಾರವಾಗುತ್ತಿತ್ತು.

ಇದಕ್ಕೆ ಏನಂತಾರೆ? ಅವಳು ತನ್ನನ್ನೇ ಕೇಳಿಕೊಂಡಳು. ಹೆಸರಿಟ್ಟರೆ ಸಾಕಬೇಕಾಗುತ್ತೆ... ಬೇಡ.

*

ಕೆಟ್ಟ ದಿನ ಎನ್ನುವುದು ಬೆಳಿಗ್ಗೆಯೇ ಶುರುವಾಯಿತು. ಹೋಟೆಲಿನ ಮ್ಯಾನೇಜರ್ ಮೇಜಿನ ಬಟ್ಟೆಗಳ ಗಂಟನ್ನು ಕೌಂಟರಿನ ಮೇಲೆ ಕುಕ್ಕಿ, ಮಡಿಕೆ ಸರಿಯಿಲ್ಲವೆಂದು ಬಾಯಿಗೆ ಬಂದಂತೆ ಮಾತಾಡುತ್ತಿದ್ದ. ಹಿಂದಿನ ಕೋಣೆಯಲ್ಲಿ ಆಗ ತಾನೇ ತೆಗೆದ ಕಪ್ಪು ಬಟ್ಟೆಯ ಮೇಲೆ ಬಿಳಿಪುಡಿ ಮೊದಲಿಗಿಂತ ದಪ್ಪಗೆ ಕೂತಿತ್ತು. ಅದೇ ಹೊತ್ತಿಗೆ ಅವನು ಬಂದ. ಕಂಕುಳಲ್ಲಿ ಸೊಪ್ಪಿನ ಕಟ್ಟು, ಮುಖದಲ್ಲಿ ಆ ಸದ್ದಿಲ್ಲದ ನಗು.

“ಪುಡಿ ಹಾಗೇ ಇದೆ,” ಎಂದಳು.

ಅವನು ಬಟ್ಟೆ ತೆಗೆದುಕೊಂಡು ನೋಡಿದ. ಹುಬ್ಬು ಗಂಟಾಯಿತು. “ನಿಮ್ಮ ಏಪ್ರನ್ ಮೇಲೆ ಇಲ್ಲ. ಟವೆಲ್ ಮೇಲೂ ಇಲ್ಲ. ಒಂದೇ ನೀರು, ಒಂದೇ ಮೆಷಿನ್... ಈ ಬಟ್ಟೆಯನ್ನ ಯಾವುದಕ್ಕೆ ಬಳಸ್ತೀರಿ?”

“ಅಂದ್ರೆ?”

“ಒಗೆಯೋಕೆ ಮುಂಚೆ ಇದು ಎಲ್ಲಿರುತ್ತೆ ಅಂತ.”

“ಈಗ ತಪ್ಪು ನನ್ನ ಬಟ್ಟೆಯದ್ದು, ಅಲ್ವಾ?” ಅವಳ ದನಿ ಏರಿತು. ಹೋಟೆಲಿನವನು ಮಾತು ನಿಲ್ಲಿಸಿ ಇತ್ತ ತಿರುಗಿದ. “ಮೊದಲು ಪಂಪು ಅಂದ್ರಿ. ಆಮೇಲೆ ನೀರು ಅಂದ್ರಿ. ಈಗ ಬಟ್ಟೆ. ನಿಜ ಹೇಳ್ಲಾ? ನಿಮಗೆ ಇದು ಸರಿಹೋಗೋದೇ ಬೇಕಿಲ್ಲ. ಸರಿಹೋದ್ರೆ ಇಲ್ಲಿಗೆ ಬರೋಕೆ ನೆಪ ಎಲ್ಲಿರುತ್ತೆ?”

ಮಾತು ಬಾಯಿಂದ ಜಾರಿದ ಮೇಲೆ ಅದರ ಆಕಾರ ಕಂಡಿತು.

ಅವನು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೆಷಿನ್ನಿನ ಮೇಲಿಟ್ಟ. ಸೊಪ್ಪಿನ ಕಟ್ಟನ್ನು ಪಂಜರದ ಪಕ್ಕ ಇಟ್ಟ. ಪೆಟ್ಟಿಗೆ ಎತ್ತಿಕೊಂಡ.

“ಬೇರೆ ರಿಪೇರಿಯವರ ನಂಬರ್ ಕಳಿಸ್ತೀನಿ ಮೇಡಂ. ಒಳ್ಳೇ ಕೆಲಸಗಾರ.”

ಹೋದ. ಬೈಕು ಶುರುವಾಯಿತು. ಮೇಷ್ಟ್ರು ಬಾಗಿಲ ಕಡೆ ನೋಡಿ ಒಂದು ಸಲ ಕೂಗಿ ಸುಮ್ಮನಾದರು.

“ನಾಲಿಗೆಗೂ ಒಂದು ಇಸ್ತ್ರಿ ಹಾಕಿಸ್ಕೋ ಪುಟ್ಟಿ,” ಎಂದಳು ದೊಡ್ಡಮ್ಮ. ತಮಾಷೆಯ ದನಿಯಲ್ಲಿ ಹೇಳಲಿಲ್ಲ.

*

ವಾರ ಕಳೆಯಿತು. ನಂಬರ್ ಬಂತು. ಅವಳು ಅದಕ್ಕೆ ಫೋನ್ ಮಾಡಲಿಲ್ಲ.

ಒಂದು ಬೆಳಿಗ್ಗೆ ಸೌತೆಕಾಯಿ ಹೆಚ್ಚಿದರೂ ಮೇಷ್ಟ್ರು ಕೂಗಲಿಲ್ಲ. ಪಂಜರದ ಮೂಲೆಯಲ್ಲಿ ಬೆನ್ನು ಗೂನಾಗಿಸಿ, ಕೂದಲು ಕೆದರಿಕೊಂಡು ಕೂತಿದ್ದರು. ಅವಳು ಬಗ್ಗಿ ನೋಡುತ್ತಿದ್ದಂತೆ ಹಿಂಭಾಗ ಎತ್ತಿ ಮುಕ್ಕರಿಸಿದರು. ಸಣ್ಣ ದನಿಯ ಅಳು. ದಿನದ ಗದರಿಕೆಯಲ್ಲ, ಅದು ಬೇರೆಯೇ. ಹಾಸಿದ ಬಟ್ಟೆಯ ಮೇಲೆ ನಾಲ್ಕೈದು ಹನಿ.

ಬಟ್ಟೆ ಕಪ್ಪು. ಬಣ್ಣ ತಿಳಿಯಲಿಲ್ಲ. ಅವಳು ಬಿಳಿ ಕರವಸ್ತ್ರವೊಂದನ್ನು ಒತ್ತಿ ಎತ್ತಿದಳು. ಗುಲಾಬಿ ಕಲೆ. ಈ ಕಲೆಯನ್ನು ಓದುವುದರಲ್ಲಿ ಅವಳು ತಪ್ಪಲಿಲ್ಲ.

“ದೊಡ್ಡಮ್ಮಾ, ಅಂಗಡಿ ನೋಡ್ಕೋ.”

ಪಶುವೈದ್ಯೆ ಮೇಷ್ಟ್ರ ಹೊಟ್ಟೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ, ಒಳಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆದಳು. ಪರದೆಯ ಮೇಲೆ ಮೇಷ್ಟ್ರ ಪುಟ್ಟ ಎಲುಬುಗಳು, ಹೊಟ್ಟೆಯ ಕೆಳಗೆ ಬಟಾಣಿಯಷ್ಟು ದೊಡ್ಡ ಬಿಳಿ ಉಂಡೆ.

“ಮೂತ್ರಚೀಲದಲ್ಲಿ ಕಲ್ಲು. ಸುತ್ತ ಮರಳಿನಂಥ ಕೆಸರೂ ಇದೆ. ಇವುಗಳಿಗೆ ಮೂತ್ರದಲ್ಲಿ ಸ್ವಲ್ಪ ಸುಣ್ಣ ಹೋಗೋದು ಮಾಮೂಲು. ಹೆಚ್ಚಾದ್ರೆ ಒಳಗೇ ಗಟ್ಟಿಯಾಗುತ್ತೆ. ಹಾಸೋ ಬಟ್ಟೆ ಮೇಲೆ ಬಿಳಿ ಪುಡಿ ಏನಾದ್ರೂ ಕಾಣ್ತಿತ್ತಾ?”

ಅವಳು ಪರದೆಯಿಂದ ವೈದ್ಯೆಯತ್ತ ತಿರುಗಿದಳು.

“ಕಾಣ್ತಿತ್ತು. ತುಂಬಾ ದಿನದಿಂದ... ನಾನು ಸೋಪು ಅಂದುಕೊಂಡೆ. ರಿಪೇರಿಯವರು ಸುಣ್ಣ ಅಂದ್ರು, ನೀರಿಂದ ಬರುತ್ತೆ ಅಂದ್ರು.”

“ಸುಣ್ಣ ಅಂದಿದ್ದು ಸರಿ. ಬರೋ ದಾರಿ ಮಾತ್ರ ನೀರಿನ ಪೈಪಲ್ಲ.”

ಈ ಬಟ್ಟೆಯನ್ನ ಯಾವುದಕ್ಕೆ ಬಳಸ್ತೀರಿ? ಒಗೆಯೋಕೆ ಮುಂಚೆ ಇದು ಎಲ್ಲಿರುತ್ತೆ?

ಅವನು ಉತ್ತರದ ಬಾಗಿಲಿನವರೆಗೆ ಬಂದಿದ್ದ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಪಂಜರದ ಮುಂದೆ ನಿಲ್ಲುತ್ತಿದ್ದ. ಅವಳೇ, ಅದೂ ಹೋಟೆಲಿನವನ ಎದುರು, ಆ ಬಾಗಿಲನ್ನು ಅವನ ಮುಖಕ್ಕೆ ಬಡಿದಿದ್ದಳು.

“ಏನು ತಿನ್ನಿಸ್ತೀರಿ?”

“ಕುದುರೆಮೆಂತ್ಯದ ಒಣಹುಲ್ಲು. ಮೇವಿನ ಅಂಗಡಿಯವನು ಅದೇ ಶ್ರೇಷ್ಠ ಅಂದ. ದಿನಾ ಪಾಲಕ್ ಸೊಪ್ಪು. ಈಚೆಗೆ ಹಸಿ ಕುದುರೆಮೆಂತ್ಯ... ಆಗೊಮ್ಮೆ ಈಗೊಮ್ಮೆ.”

“ಮರಿಗಳಿಗಾದ್ರೆ ಸರಿ. ದೊಡ್ಡವಕ್ಕೆ ಅದರಲ್ಲಿ ಸುಣ್ಣದ ಅಂಶ ಜಾಸ್ತಿ. ಇನ್ನು ಮಾಮೂಲಿ ಒಣಹುಲ್ಲು ಕೊಡಿ, ನೀರು ಹೆಚ್ಚು ಕುಡಿಸಿ.” ವೈದ್ಯೆ ಅವಳ ಮುಖ ನೋಡಿ ದನಿ ತಗ್ಗಿಸಿದಳು. “ಇದೊಂದರಿಂದಲೇ ಆಯ್ತು ಅಂತ ನಾನು ಹೇಳಲ್ಲ. ಒಂದೇ ತಟ್ಟೆಯಲ್ಲಿ ತಿಂದ ಜೋಡಿಯಲ್ಲಿ ಒಂದಕ್ಕೆ ಕಲ್ಲಾಗುತ್ತೆ, ಇನ್ನೊಂದಕ್ಕೆ ಆಗಲ್ಲ. ಈಗ ಮುಂದಿನದ್ದು ನೋಡೋಣ. ಆಪರೇಷನ್ ಮಾಡಬೇಕು. ಚಿಕ್ಕ ಜೀವ, ಅರಿವಳಿಕೆ ತಡೆಯದೇ ಇರಬಹುದು. ಹಾಗೇ ಬಿಟ್ರೆ ಕಲ್ಲು ಜಾರಿ ದಾರಿಗೆ ಅಡ್ಡ ಬೀಳುತ್ತೆ. ಆಗ ನನ್ನ ಕೈಲೂ ಏನೂ ಇರಲ್ಲ.”

“ಮಾಡಿ,” ಎಂದಳು ಅವಳು. “ನಾನು ಇಲ್ಲೇ ಇರ್ತೀನಿ.”

“ನಾಳೆ ಬೆಳಿಗ್ಗೆ. ಇವತ್ತು ನೋವಿಗೆ ಔಷಧಿ ಕೊಟ್ಟು ನಮ್ಮ ಹತ್ತಿರವೇ ಇಟ್ಕೋತೀವಿ.”

ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಅವನಿಗೆ ಸಂದೇಶ ಬರೆದಳು. ‘ನೀವು ಹೇಳಿದ್ದು ಸರಿ. ಸುಣ್ಣವೇ. ಮೇಷ್ಟ್ರ ಮೂತ್ರಚೀಲದ್ದು. ಕಲ್ಲಾಗಿದೆ. ನಾಳೆ ಆಪರೇಷನ್. ಕುದುರೆಮೆಂತ್ಯ ಇನ್ನು ಕೊಡಬಾರದಂತೆ.’

ಕೊನೆಗೆ ‘ಕ್ಷಮಿಸಿ’ ಎಂದು ಬರೆದು, ಅಳಿಸಿದಳು. ಹೊರಗಿನವನ ಎದುರು ಅವಮಾನ ಮಾಡಿ, ಫೋನಿನಲ್ಲಿ ಮೂರಕ್ಷರ ಒತ್ತಿ ತೊಳೆದುಕೊಳ್ಳುವುದು ಸರಿ ಕಾಣಲಿಲ್ಲ. ಮುಖ ನೋಡಿಯೇ ಕೇಳಬೇಕು ಅಂದುಕೊಂಡಳು. ಉಳಿದಿದ್ದನ್ನು ಹಾಗೆಯೇ ಕಳಿಸಿದಳು.

ಅವನು ಓದಿದ್ದು ಫೋನಿನಲ್ಲಿ ಕಂಡಿತು. ಉತ್ತರ ಬರಲಿಲ್ಲ.

*

ಮೇಷ್ಟ್ರು ಬದುಕಿದರು.

ವೈದ್ಯೆ ಹೊರಗೆ ಬಂದು ಮುಖದ ಮುಸುಕು ಕೆಳಗೆಳೆದು, “ಗಟ್ಟಿ ಪಿಂಡ ನಿಮ್ಮ ಮೇಷ್ಟ್ರು. ಎಚ್ಚರ ಆದ ಕೂಡಲೇ ನಮ್ಮ ನರ್ಸ್‌ನ ಗದರಿಸಿದ್ದಾರೆ,” ಎಂದಾಗ ಅವಳು ಎದ್ದು ನಿಂತು ವೈದ್ಯೆಯ ಎರಡೂ ಕೈ ಹಿಡಿದುಕೊಂಡಳು. ಕೃತಜ್ಞತೆ ಹೇಳುವ ಅಭ್ಯಾಸವಿಲ್ಲದವಳು. ಕೈ ಬಿಡುವುದು ಯಾವಾಗ ಎಂದೂ ತಿಳಿಯಲಿಲ್ಲ. ವೈದ್ಯೆಯೇ ನಿಧಾನಕ್ಕೆ ಬಿಡಿಸಿಕೊಂಡಳು.

ಭಾನುವಾರ ಮಧ್ಯಾಹ್ನ ಮನೆಗೆ ಕಳಿಸಿದರು. “ಇಲ್ಲಿ ಒಂದೆರಡು ಸಲ ಮೂತ್ರ ಮಾಡಿದಾನೆ, ಆದ್ರೆ ಸ್ವಲ್ಪ ಸ್ವಲ್ಪವೇ. ಒಳಗೆ ಊತ ಇದೆ. ಸಿರಿಂಜಲ್ಲಿ ನೀರು, ಗಂಜಿ ಕೊಡ್ತಾ ಇರಿ. ಸಂಜೆಯೊಳಗೆ ಧಾರಾಳವಾಗಿ ಹೋಗಬೇಕು. ಹೋಗಲಿಲ್ಲ ಅಂದ್ರೆ ತಡ ಮಾಡದೆ ವಾಪಸ್ ಕರ್ಕೊಂಡು ಬನ್ನಿ. ಆಗ ಮತ್ತೆ ಬಿಚ್ಚಬೇಕಾಗುತ್ತೆ. ಎರಡನೇ ಸಲ ತಡ್ಕೋತಾನಾ... ಹೇಳಲಾರೆ.”

ಟ್ಯಾಕ್ಸಿಯಲ್ಲಿ ಮೇಷ್ಟ್ರಿದ್ದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಲಾಂಡ್ರಿಯ ಬೀದಿ ಬರುವ ಮೊದಲೇ ಅವನ ವರ್ಕ್‌ಶಾಪಿನ ತಿರುವು. ಉತ್ತರ ಕೊಡದವನು. ಕೊಡಬೇಕಾಗಿಯೂ ಇಲ್ಲದವನು.

“ಇಲ್ಲೇ ಎಡಕ್ಕೆ,” ಎಂದಳು ಡ್ರೈವರನಿಗೆ. “ಎರಡು ನಿಮಿಷ ನಿಲ್ಲಿಸಿ.”

ಷಟರ್ ಅರ್ಧ ತೆರೆದಿತ್ತು. ಒಳಗೆ ಹೊಟ್ಟೆ ಬಗೆದ ಮೆಷಿನ್‌ಗಳು, ಗೋಡೆಗೆ ತೂಗುಹಾಕಿದ ಬೆಲ್ಟುಗಳು. ಅವನು ನೆಲದ ಮೇಲೆ ಕೂತು ಡ್ರಮ್ಮೊಂದರ ತುಕ್ಕು ಕೆರೆಯುತ್ತಿದ್ದ. ಅವಳನ್ನು ಕಂಡು ಎದ್ದವನ ಕಣ್ಣು ಅವಳ ಮುಖದ ಮೇಲೆ ನಿಲ್ಲಲಿಲ್ಲ, ನೇರ ಪೆಟ್ಟಿಗೆಗೆ ಇಳಿಯಿತು.

“ಇದ್ದಾರಾ?” ಎಂದ.

“ಇದ್ದಾರೆ.”

ಅವನು ಉಸಿರು ಬಿಟ್ಟ. ಮೆಷಿನ್ನಿಗೆ ಕೈ ಊರಿದ. ಮೊದಲೇ ನೆನೆದು ಬಂದ ಮಾತುಗಳನ್ನೆಲ್ಲಾ ಅವಳು ಮರೆತಳು.

“ಅವತ್ತು ಅಂಗಡಿಯಲ್ಲಿ ನಾನು ಆಡಿದ ಮಾತು ತಪ್ಪು. ನೀವು ಸರಿಯಾದ ಪ್ರಶ್ನೆ ಕೇಳಿದ್ರಿ. ನಾನು ಕೇಳಿಸ್ಕೊಳ್ಳಲಿಲ್ಲ. ಕ್ಷಮಿಸಿ. ಸಿಟ್ಟು ಇನ್ನೂ ಇದ್ರೆ ಇರಲಿ, ಆದ್ರೆ ಇದನ್ನ ನಾನೇ ಬಂದು ಹೇಳಬೇಕಿತ್ತು.”

“ಸಿಟ್ಟಾ? ನನಗೆ?” ಅವನು ಅವಳನ್ನು ಮೊದಲ ಸಲ ನೇರ ನೋಡಿದ. “ನೀವು ಸಿಟ್ಟಲ್ಲಿ ಇದ್ದೀರಿ ಅಂತ ನಾನು... ಕುದುರೆಮೆಂತ್ಯ ಕೊಡಬಾರದಂತೆ ಅಂತ ಬರೆದಿದ್ರಲ್ಲ. ತಂದು ತಂದು ಹಾಕಿದ್ದು ನಾನು. ಕಲ್ಲು ಮಾಡಿದ್ದು ನಾನು. ಏನಂತ ಉತ್ತರ ಕೊಡಲಿ?”

ಅವಳು ಬೆಪ್ಪಾದಳು. ಡಾಕ್ಟರ್ ಹೇಳಿದ್ದನ್ನು ಹೇಳಿದ್ದೆ, ಅಷ್ಟೇ. ಅದು ಹೀಗೂ ಓದಿಸಿಕೊಳ್ಳುತ್ತದೆಯೇ? ಮೂರು ದಿನ ಈ ಮನುಷ್ಯ ಒಬ್ಬನೇ ಕೂತು ಒಂದು ಗಿನಿಪಿಗ್ಗಿನ ಕೊಲೆಗಾರನಾಗಿದ್ದ.

“ನೀವು ಬರೋಕೆ ಮುಂಚೆಯೇ ಬಟ್ಟೆ ಮೇಲೆ ಪುಡಿ ಇತ್ತಲ್ಲ,” ಎಂದಳು. “ಅದಕ್ಕೇ ತಾನೇ ನಿಮ್ಮನ್ನ ಕರೆಸಿದ್ದು? ವರ್ಷಪೂರ್ತಿ ದಿನಾ ಹೊಟ್ಟೆತುಂಬ ಅದನ್ನೇ ಹಾಕಿದವಳು ನಾನು. ನಿಮ್ಮ ಐದಾರು ಕಟ್ಟಿಗೆ ಕಲ್ಲಾಗಲ್ಲ. ಡಾಕ್ಟರ್ ಅಂತೂ ಯಾರನ್ನೂ ದೂರಲಿಲ್ಲ.”

“ನನ್ನ ಸಮಾಧಾನಕ್ಕೆ ಹೇಳ್ತಿದ್ದೀರಿ.”

“ನಾನು ಯಾರ ಸಮಾಧಾನಕ್ಕಾದ್ರೂ ಏನಾದ್ರೂ ಹೇಳಿದ್ದು ನೋಡಿದ್ದೀರಾ?”

ಅವನು ಯೋಚಿಸಿದ. “ಇಲ್ಲ,” ಎಂದ ಪ್ರಾಮಾಣಿಕವಾಗಿ.

ಹೊರಗೆ ಡ್ರೈವರ್ ಹಾರನ್ ಒತ್ತಿದ.

“ಸಂಜೆಯೊಳಗೆ ಇವರು ಚೆನ್ನಾಗಿ ಮೂತ್ರ ಮಾಡಬೇಕು. ಇಲ್ಲಾಂದ್ರೆ ಮತ್ತೆ ಕೊಯ್ಯಬೇಕು. ಮಾಡೋವರೆಗೆ ಪಕ್ಕದಲ್ಲೇ ಕೂತು ನೋಡ್ತಾ ಇರಬೇಕು. ಒಬ್ಬಳೇ ಕೂರೋಕೆ...” ಅವಳ ದನಿ ಮೊದಲ ಬಾರಿಗೆ ಅಲುಗಿತು. “ಒಬ್ಬಳೇ ಕೂರೋಕೆ ನನಗೆ ಭಯ. ಬರ್ತೀರಾ?”

ಅವನು ಕೈ ಒರೆಸಿಕೊಂಡು ಷಟರ್ ಎಳೆದ.

*

ಹಿಂದಿನ ಕೋಣೆಯ ನೆಲದ ಮೇಲೆ, ಬಿಳಿ ಹಾಸಿನ ಎರಡು ಪಕ್ಕ ಇಬ್ಬರೂ ಕೂತರು. ಇನ್ನು ಮೇಲೆ ಕಪ್ಪು ಬಟ್ಟೆ ಬೇಡ, ಬಂದದ್ದೆಲ್ಲಾ ಕಾಣಬೇಕು ಎಂದು ಅವಳು ಹೊಸ ಬಿಳಿ ಟವೆಲ್ಲುಗಳನ್ನೇ ಹಾಸಿದ್ದಳು. ನಡುವೆ ಮೇಷ್ಟ್ರು, ಹೊಟ್ಟೆಯ ಕೂದಲು ಬೋಳಿಸಿಕೊಂಡು, ತೀರಾ ಚಿಕ್ಕವರಾಗಿ ಕಾಣುತ್ತಿದ್ದರು. ಅವಳು ಸಿರಿಂಜಿನಲ್ಲಿ ಹನಿಹನಿ ನೀರು ಬಿಟ್ಟಳು. ಅವನು ಗಂಜಿ ಕಲಸಿಕೊಟ್ಟ. ಮೇಷ್ಟ್ರು ಅರ್ಧ ನುಂಗಿದರು, ಅರ್ಧವನ್ನು ಅವಳ ತೋಳಿಗೂ ಕೆನ್ನೆಗೂ ಸೀನಿದರು.

ದೊಡ್ಡಮ್ಮ ಬಾಗಿಲಲ್ಲಿ ಇಣುಕಿದಳು. “ಹೋಯ್ತಾ?”

“ಇಲ್ಲ.”

“ನಲ್ಲಿ ಸ್ವಲ್ಪ ಬಿಟ್ಟು ನೋಡಿ. ಮಕ್ಕಳಿಗೆ ಹಾಗೇ ಮಾಡೋದು.”

ಅವನು ಎದ್ದು ಹೋಗಿ ಗಂಭೀರವಾಗಿ ನಲ್ಲಿ ತಿರುಗಿಸಿ ಬಂದ. ನೀರಿನ ಸದ್ದಿಗೆ ಮೇಷ್ಟ್ರು ಕಿವಿಯನ್ನೂ ಅಲುಗಿಸಲಿಲ್ಲ. ಅವಳಿಗೆ ನಗು ಬಂತು. ಬಂದ ನಗು ಅರ್ಧದಲ್ಲಿ ತಿರುಗಿ ಅಳುವಾಗುವ ಹಾಗಿತ್ತು, ತುಟಿ ಕಚ್ಚಿದಳು.

ಬಿಸಿಲು ಕಿಟಕಿಯಿಂದ ಗೋಡೆಗೆ ಸರಿಯಿತು. ಟವೆಲ್ಲು ಬಿಳಿಯಾಗಿಯೇ ಇತ್ತು.

“ಒಂದು ವಿಷಯ ಹೇಳಬೇಕು,” ಎಂದ ಅವನು, ಟವೆಲ್ಲನ್ನೇ ನೋಡುತ್ತಾ. “ಅವತ್ತು ನೀವು ಹೇಳಿದ್ದು ಪೂರ್ತಿ ತಪ್ಪಲ್ಲ.”

“ಯಾವುದು?”

“ನೆಪ ಅಂದಿದ್ದು. ಫಿಲ್ಟರ್ ಹಾಕಿದ ಮೇಲೆ ಪೈಪು ಸಡಿಲ ಇರಲಿಲ್ಲ. ನಾನು ಹಾಕಿದ ಪೈಪು ಸಡಿಲ ಆಗಲ್ಲ.”

ಅವಳು ಸಿರಿಂಜನ್ನು ಕೆಳಗಿಟ್ಟಳು.

“ಪುಡಿ ಹೋಗಲಿ ಅಂತಾನೇ ಇತ್ತು ನನಗೆ,” ಅವನು ಮುಂದುವರಿಸಿದ. “ಅದರಲ್ಲಿ ಮೋಸ ಇಲ್ಲ. ಆದ್ರೆ ಹೋದ ಮೇಲೆ ಏನು ಮಾಡೋದು ಅಂತ ಚಿಂತೆಯೂ ಇತ್ತು. ಹೋಟೆಲಿನವರ ಮುಂದೆ ನೀವು ಅದನ್ನ ಹೇಳಿದಾಗ ನನಗೆ ಬೇಜಾರಾಗಿದ್ದು ಆ ಮಾತು ಸುಳ್ಳು ಅನ್ನೋದಕ್ಕಲ್ಲ. ನನ್ನ ಒಳಗಿದ್ದದ್ದನ್ನ ನಾನು ಹೇಳೋಕೆ ಮುಂಚೆ ನೀವೇ ಎತ್ತಿ ಬಿಸಾಕಿದ್ರಲ್ಲ, ಅದಕ್ಕೆ.”

ಮುಂದಿನ ಕೋಣೆಯಲ್ಲಿ ಗುಂಡಿಡಬ್ಬಿಯ ಸದ್ದು ನಿಂತಿತು. ದೊಡ್ಡಮ್ಮ ಕೇಳಿಸಿಕೊಳ್ಳುತ್ತಿದ್ದಾಳೆ... ಕೇಳಲಿ.

“ಬೈಕು ಬೀದಿಗೆ ಬಂದ್ರೆ ಮೇಷ್ಟ್ರು ಎದ್ದು ನಿಲ್ತಾರೆ, ಗೊತ್ತಾ?” ಎಂದಳು ಅವಳು.

“ಗೊತ್ತು.”

“ನಾನೂ ಕೇಳಿಸ್ಕೊಳ್ತೀನಿ. ನಿಲ್ಲಲ್ಲ, ಅಷ್ಟೇ. ಈ ವಾರ ಒಂದು ದಿನವೂ ಬರಲಿಲ್ಲ. ಕಳೆದ ವಾರವೂ ಇಲ್ಲ. ಮೂರು ಅಂಗಿ ಸುಟ್ಟೆ.”

ಅವನು ತಲೆ ಎತ್ತಿದ.

“ನನಗೆ ಚೆಂದ ಮಾತಾಡೋಕೆ ಬರಲ್ಲ,” ಎಂದಳು. “ನೀವು ಬೇಕು ನನಗೆ. ರಿಪೇರಿಗಲ್ಲ.”

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮೇಷ್ಟ್ರು, ಇವರ ಮಾತು ಸಾಕಾಯಿತೇನೋ ಎಂಬಂತೆ, ಟವೆಲ್ಲು ದಾಟಿ ತೂರಾಡುತ್ತಾ ಹೋಗಿ ಅವನ ಮಡಿಲು ಹತ್ತಿದರು. ಒಂದು ಸುತ್ತು ತಿರುಗಿದರು. ಹಿಂಭಾಗ ಸ್ವಲ್ಪ ಎತ್ತಿದರು.

ಆ ಸಣ್ಣ ಅಳುವಿಗಾಗಿ ಅವಳ ಕಿವಿ ನಿಮಿರಿತು.

ಅಳು ಬರಲಿಲ್ಲ. ಅವನ ತಿಳಿ ಬಣ್ಣದ ಪ್ಯಾಂಟಿನ ಮೇಲೆ ಕಲೆಯೊಂದು ಹುಟ್ಟಿ, ಹಿಗ್ಗಿ, ತೊಡೆಯಿಂದ ಮಂಡಿಯ ಕಡೆಗೆ ಹರಿಯಿತು. ಅವಳು ಟವೆಲ್ಲಿನ ತುದಿ ಒತ್ತಿ ಬೆಳಕಿಗೆ ಹಿಡಿದಳು. ತಿಳಿ ಹಳದಿ. ರಕ್ತವಿಲ್ಲ. ಮೇಷ್ಟ್ರು ಹಗುರಾಗಿ ಮೈ ಕೊಡವಿ, ಅಲ್ಲೇ ಹರಡಿಕೊಂಡು ಮಲಗಿದರು.

“ಹೋಯ್ತು,” ಎಂದಳು. ಆಮೇಲೆ ಅಳು ತಡೆಯಲಿಲ್ಲ. ಡಾಕ್ಟರಿಗೆ, ಆ ಪುಟ್ಟ ಎದೆಗೂಡಿಗೆ, ಒದ್ದೆಯಾದರೂ ಅಲುಗದೆ ಕೂತಿದ್ದ ಈ ಮನುಷ್ಯನಿಗೆ, ಯಾರಿಗೆ ಮೊದಲು ಹೇಳಬೇಕು ಎಂದು ತಿಳಿಯದೆ ಎಲ್ಲವೂ ಒಟ್ಟಿಗೇ ಕಣ್ಣಿಗೆ ಬಂತು. “ಥ್ಯಾಂಕ್ಸ್,” ಎಂದಳು. “ಥ್ಯಾಂಕ್ಸ್... ಥ್ಯಾಂಕ್ಸ್.”

“ನನಗಾ, ಮೇಷ್ಟ್ರಿಗಾ?”

“ಸುಮ್ಮನೆ ತಗೊಳ್ಳಿ.”

“ಹೋಯ್ತಾ?” ಮುಂದಿನ ಕೋಣೆಯಿಂದ ದೊಡ್ಡಮ್ಮ ಕೂಗಿದಳು.

“ಹೋಯ್ತು ದೊಡ್ಡಮ್ಮಾ. ಇವರ ಪ್ಯಾಂಟ್ ತುಂಬಾ.”

“ಸದ್ಯ. ಹಾಗಾದ್ರೆ ಇನ್ನು ನಾನು ಸ್ವಲ್ಪ ಮಲಗ್ತೀನಿ. ನೀವು ಮಾತು ಮುಗಿಸಿ.”

ಅವನು ಮೆಲ್ಲಗೆ ಅವಳ ಕೆನ್ನೆಯ ಮೇಲಿದ್ದ ಗಂಜಿಯ ಚೂರನ್ನು ಒರೆಸಿದ. ಕೈ ಹಿಂದಕ್ಕೆ ತೆಗೆಯಲಿಲ್ಲ. ಅವಳೂ ಮುಖ ತಿರುಗಿಸಲಿಲ್ಲ. ಆ ಅಂಗೈಯಲ್ಲಿ ತುಕ್ಕಿನ ವಾಸನೆ ಇತ್ತು.

“ಇವರನ್ನ ಎತ್ತಿ ಪಂಜರದಲ್ಲಿ ಬಿಡ್ಲಾ?” ಎಂದು ಕೇಳಿದ.

“ಬೇಡ. ನಿದ್ದೆ ಹತ್ತಿದೆ. ಹಾಗೇ ಕೂತಿರಿ.”

“ಎಷ್ಟು ಹೊತ್ತು?”

“ಯಾಕೆ? ನಿಮಗೆ ಬೇರೆ ಕೆಲಸ ಇದೆಯಾ?”

“ತುಂಬಾ ಇದೆ,” ಎಂದ ಅವನು. ಬೆನ್ನನ್ನು ಗೋಡೆಗೆ ಆನಿಸಿ, ಅವಳು ಒರಗಲೆಂದು ಭುಜ ತಗ್ಗಿಸಿದ.